ಐಷಾರಾಮ ಯಾರಿಗೆ?

ವೀಕ್ಷಕರೇ, ನಾಲ್ಕೈದು ಸಲ ಕ್ರೂಸ್ ಹಡಗು ಹತ್ತಿ ಇಳಿದವನು ನಾನು. "ಸಾರ್, ಹೋಗಬಹುದಾ?" ಅಂತ ಕೇಳ್ತಾರೆ. ಧಾರಾಳವಾಗಿ ಹೋಗಿ. ಊಟ, ಈಜುಕೊಳ, ಸಂಗೀತ, ಯಾವುದಕ್ಕೂ ಕೊರತೆಯಿಲ್ಲ. ಟಿಕೆಟ್ ದರಕ್ಕೆ ಮಾತ್ರ ಮರುಳಾಗಬೇಡಿ. ವೈಫೈ, ಡ್ರಿಂಕ್ಸ್, ದಡದ ಸುತ್ತಾಟ, ದಿನದ ಟಿಪ್ಸ್ ಎಲ್ಲಾ ಸೇರಿದ್ರೆ ಬಿಲ್ಲು ಬೇರೆಯೇ ಆಗುತ್ತೆ.

ಆದ್ರೆ ನಾನು ಹೇಳಬೇಕಾದ ಮಾತು ಅದಲ್ಲ. 2020ರ ಫೆಬ್ರವರಿ ನೆನಪಿದೆಯಾ? ಜಪಾನಿನ ಯೊಕೊಹಾಮಾ ಬಂದರು. 'ಡೈಮಂಡ್ ಪ್ರಿನ್ಸೆಸ್' ಹಡಗು. ಒಳಗೆ 3,711 ಜನ. ಕೊರೊನಾ ಕಾಣಿಸಿಕೊಂಡಿತು, ಪ್ರಯಾಣಿಕರನ್ನು ಅವರವರ ಕೋಣೆಯಲ್ಲೇ ಇರಿಸಿದರು. ಅವರ ಬಾಗಿಲಿಗೆ ಊಟ ತಲುಪಿಸಿದವರು ಯಾರು? ಸಿಬ್ಬಂದಿ. ಅವರಿಗೆಲ್ಲಿಯ ಪ್ರತ್ಯೇಕ ವಾಸ? ಹಂಚಿಕೊಂಡ ಕೋಣೆಯಲ್ಲಿ ಮಲಗಿ, ಒಟ್ಟಿಗೆ ಉಂಡು, ಮತ್ತೆ ಕೆಲಸಕ್ಕೆ ನಿಂತರು. ಆ ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ. ಪ್ರಯಾಣಿಕರು ಆರೇ ಆರು!

ಆಗ ಇದೇ ಕುರ್ಚಿಯಲ್ಲಿ ಕೂತು 'ಐಷಾರಾಮಿ ಹಡಗು' ಅಂತ ಎಷ್ಟೋ ಸಲ ಓದಿದೆ. ಐಷಾರಾಮ ಯಾರಿಗೆ ಅಂತ ಒಂದು ಸಲವೂ ಕೇಳಲಿಲ್ಲ. ಅದು ನನ್ನ ತಪ್ಪು.

ನೀವು ಹಡಗು ಹತ್ತಿದಾಗ, ಕೋಣೆ ಗುಡಿಸಲು ಬರುವ ಹುಡುಗನನ್ನು "ಯಾವ ಊರಪ್ಪಾ?" ಅಂತ ಒಮ್ಮೆ ಕೇಳಿ. ಮಂಗಳೂರೋ ಕಾರವಾರವೋ ಇದ್ದರೂ ಇರಬಹುದು.