ಬಾಣಂತನಕ್ಕೆ ಮನೆಗೆ ಯಾರನ್ನು ಕರೆಯಬೇಕು?

(ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹೆರಿಗೆಗೆ ಯಾವ ದವಾಖಾನೆಗೆ ಹೋಗಬೇಕು ಎಂದು ನಾವು ತಿಂಗಳುಗಟ್ಟಲೆ ಮೊದಲೇ ಯೋಚಿಸುತ್ತೇವೆ. ತಾಯಿ ಕಾರ್ಡ್ ಮಾಡಿಸುತ್ತೇವೆ, 108ಕ್ಕೆ ಫೋನ್ ಮಾಡುವುದನ್ನೂ ಕಲಿತಿದ್ದೇವೆ. ಆದರೆ ಮನೆಗೆ ಬಂದ ಮೇಲೆ ಬಾಣಂತಿ, ಕೂಸನ್ನು ಯಾರು ನೋಡಿಕೊಳ್ಳಬೇಕು ಎಂದು ಕೇಳಿದರೆ, "ಯಾರರೆ ಒಬ್ಬಾಕಿ ಸಿಗತಾಳ ತಗೋರಿ" ಅಂತೀವಿ. ತಾಯಿಗೂ ಕೂಸಿಗೂ ಹೆಚ್ಚು ಅಪಾಯ ಇರುವುದು ಹೆರಿಗೆಯ ದಿನ ಮತ್ತು ಅದರ ನಂತರದ ಮೊದಲ ವಾರದಲ್ಲಿ. ದವಾಖಾನೆಯವರು ಎರಡು-ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಉಳಿದ ದಿನಗಳ ಜವಾಬ್ದಾರಿ ಮನೆಯದ್ದೇ.

ಮೊದಲು ಚೊಚ್ಚಲ ಹೆರಿಗೆ ಅಂದರೆ ತವರುಮನಿ. ಅವ್ವ, ಅಜ್ಜಿ, ಚಿಗವ್ವ, ಅತ್ತಿಗಿ ಎಲ್ಲರೂ ಇರುತ್ತಿದ್ದರು. ಈಗ ಮನೆಗಳು ಸಣ್ಣವಾಗಿವೆ. ಹೆಸರು ಬಿಡಿಸುವ ಹಂಗಾಮಿನಲ್ಲಿ ಅವ್ವ ಹೊಲಕ್ಕೆ ಹೋಗಲೇಬೇಕು. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಮಗ್ಗ ನಿಂತರೆ ಒಲಿ ನಿಲ್ಲತೈತಿ. ಗೋವಾ, ಮಂಗಳೂರಿಗೆ ದುಡಿಯಲು ಹೋದ ಮನೆಗಳಲ್ಲಿ ಬಾಣಂತಿಗೆ ಬಿಸಿನೀರು ಕಾಯಿಸಿ ಕೊಡುವವರೂ ಇಲ್ಲ. ಆದ್ದರಿಂದ ರೊಕ್ಕ ಕೊಟ್ಟು ಹೊರಗಿನವರನ್ನು ಕರೆಯುವುದು ನಾಚಿಕೆಯ ಮಾತಲ್ಲ. ನೆದರ್ಲೆಂಡ್ಸ್ ದೇಶದಲ್ಲಿ ಹೆರಿಗೆಯಾದ ಮನೆಗೆ ತರಬೇತಿ ಪಡೆದ ಸಹಾಯಕಿ ಸುಮಾರು ಒಂದು ವಾರ ದಿನಾಲೂ ಬರುತ್ತಾಳೆ. ಖರ್ಚಿನ ಬಹುಪಾಲು ವಿಮೆಯವರು ಭರಿಸುತ್ತಾರೆ. ಅಲ್ಲಿ ಅದು ಸಿರಿವಂತರ ಸೌಕರ್ಯವಲ್ಲ, ಎಲ್ಲರ ಹಕ್ಕು.

ನಮ್ಮಲ್ಲಿ ಸಿಗುವ ಸಹಾಯ ಮೂರು ಬಗೆಯದು. ಒಂದು ಮಾಡುವ ಕೆಲಸ ಇನ್ನೊಂದು ಮಾಡುವುದಿಲ್ಲ.

ಮೊದಲನೆಯದು, ಹಣ ಕೊಡದೆ ಸಿಗುವ ಸರ್ಕಾರದ ಸೇವೆ. ದವಾಖಾನೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ 6 ಸಲ ಮನೆಗೆ ಬರಬೇಕು. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರಿ 7 ಸಲ. ಆಕೆ ಕೂಸಿನ ತೂಕ ನೋಡುತ್ತಾಳೆ, ಮೈ ಬಿಸಿ ಅಳೆಯುತ್ತಾಳೆ, ಉಸಿರು ಎಣಿಸುತ್ತಾಳೆ. ಸುಮಾರು 42ನೆಯ ದಿನಕ್ಕೇ ಒಂದೂವರೆ ತಿಂಗಳ ಲಸಿಕೆಯೂ ಬರುತ್ತದೆ. ಹೆರಿಗೆಗೆ ಬೇರೆ ಊರಿನ ತವರಿಗೆ ಬಂದವರು ಅಲ್ಲಿಯ ಆಶಾಗೆ ಮೊದಲೇ ತಿಳಿಸಬೇಕು. ಇಲ್ಲದಿದ್ದರೆ ಗಂಡನ ಊರಿನ ಆಶಾ "ಇಲ್ಲಿಲ್ಲ" ಅಂತಾಳ, ತವರಿನ ಆಶಾಗೆ ಗೊತ್ತೇ ಇರೂದಿಲ್ಲ.

ಎರಡನೆಯದು, ಕೂಸು ಎರೆಯುವ ಆಯಿ. ಎಣ್ಣೆ ಹಚ್ಚುವುದು, ಎರೆಯುವುದು, ಬಾಣಂತಿಯ ಬಟ್ಟೆ ಒಗೆಯುವುದು ಆಕೆಯ ಕೆಲಸ. ಆಕೆಯ ಕೈಯ ಅನುಭವ ದೊಡ್ಡದು. ಆದರೆ ಔಷಧ ಕೊಡುವುದು ಆಕೆಯ ಕೆಲಸವಲ್ಲ.

ಮೂರನೆಯದು, ಗದಗ, ಹುಬ್ಬಳ್ಳಿಯಂತಹ ಪಟ್ಟಣಗಳಿಂದ ಸಂಬಳಕ್ಕೆ ಬರುವ ನರ್ಸ್ ಅಥವಾ ಆರೈಕೆ ಸಹಾಯಕಿ. ಸಿಸೇರಿಯನ್ ಆದವರಿಗೆ, ಅವಳಿ ಕೂಸಿದ್ದವರಿಗೆ, ಕೂಸಿನ ತೂಕ ಎರಡೂವರೆ ಕಿಲೋಕ್ಕಿಂತ ಕಡಿಮೆ ಇದ್ದವರಿಗೆ ಈ ಸಹಾಯ ನಿಜವಾಗಿ ಬೇಕಾಗಬಹುದು. ಉಳಿದವರಿಗೆ ಆಶಾಳ ಭೇಟಿ, ಒಳ್ಳೆಯ ಆಯಿ, ಅಡಿಗೆಗೆ ಒಬ್ಬರು ಇದ್ದರೆ ಸಾಕು. ಬಡ್ಡಿಗೆ ಸಾಲ ಮಾಡಿ ನರ್ಸ್ ಇಡುವ ಅಗತ್ಯವಿಲ್ಲ.

ಹಣ ಕೊಟ್ಟು ಕರೆಯುವವರನ್ನು ಏಳು-ಎಂಟು ತಿಂಗಳಿಗೇ ಗೊತ್ತು ಮಾಡಿ, ಮುಲಾಜಿಲ್ಲದೆ ಕೇಳಿರಿ:

- ನರ್ಸ್ ಅಂತ ಹೇಳಿಕೊಂಡರೆ, ಯಾವ ಕೋರ್ಸು ಮಾಡಿದ್ದೀರಿ? ನರ್ಸಿಂಗ್ ಕೌನ್ಸಿಲ್ ನೋಂದಣಿ ಕಾಗದ ತೋರಿಸುತ್ತೀರಾ? ಸಹಾಯಕಿ ಬೇರೆ, ನರ್ಸ್ ಬೇರೆ.
- ಈ ಮೊದಲು ಯಾರ ಮನೆಯಲ್ಲಿ ಕೆಲಸ ಮಾಡಿದ್ದೀರಿ? ಆ ಮನೆಯ ಬಾಣಂತಿಯನ್ನು ನಾವು ಕೇಳಬಹುದೇ?
- ಕೆಮ್ಮು, ಜ್ವರ, ಚರ್ಮರೋಗ ಇದ್ದಾಗ ರಜೆ ಮಾಡುತ್ತೀರಾ? ಕೂಸನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯುತ್ತೀರಾ?
- ಕೂಸು ಹಾಲು ಕುಡಿಯದಿದ್ದರೆ ಏನು ಮಾಡುತ್ತೀರಿ? "ದವಾಖಾನೆಗೆ ಒಯ್ಯೋಣ" ಅಂದರೆ ಒಳ್ಳೆಯದು. "ನನ್ನ ಹತ್ತರ ಔಷಧ ಐತಿ" ಅಂದರೆ ಬೇಡ.

ಬಂದವರು ಏನು ಮಾಡಬಾರದು ಎಂಬುದೂ ತಿಳಿದಿರಲಿ. ಹುಟ್ಟಿದ ಕೂಸಿಗೆ ಕನಿಷ್ಠ 24 ತಾಸು ಎರೆಯಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮೈ ತಣ್ಣಗಾಗುತ್ತದೆ. ಮೊದಲ ಹಳದಿ ಹಾಲು ಚೆಲ್ಲಬಾರದು. ಆರು ತಿಂಗಳು ಎದೆಹಾಲು ಬಿಟ್ಟು ಜೇನುತುಪ್ಪ, ಸಕ್ಕರೆನೀರು, ಕತ್ತಿಹಾಲು ಯಾವುದೂ ಬೇಡ. ಹೊಕ್ಕಳಿಗೆ ಅರಿಶಿಣ, ಬೂದಿ, ಎಣ್ಣೆ ಬೇಡ, ಒಣಗಿರಲಿ ಸಾಕು. ಕಿವಿ ಮೂಗಿಗೆ ಎಣ್ಣೆ ಬಿಡಬಾರದು. ಹೊಟ್ಟೆ ಉಬ್ಬಿದೆ ಎಂದು ಚುಟಿಗಿ ಹಾಕಿಸುವುದಂತೂ ಕೂಸಿನ ಜೀವಕ್ಕೇ ಅಪಾಯ. ಬಾಗಿಲು ಮುಚ್ಚಿದ ಖೋಲಿಯಲ್ಲಿ ಹೊರಸಿನ ಕೆಳಗೆ ಕೆಂಡ ಇಡುವುದನ್ನು ಬಿಡಬೇಕು. ಆ ಹೊಗೆ ತಾಯಿ ಕೂಸು ಇಬ್ಬರಿಗೂ ವಿಷ.

ಹಾಗಂತ ಹಿರಿಯರ ಪದ್ಧತಿ ಎಲ್ಲಾ ತಪ್ಪಲ್ಲ. ಅಂಟಿನುಂಡಿ, ಅಳವಿ ಪಾಯಸ, ಬಿಸಿ ಊಟ, ವಿಶ್ರಾಂತಿ ಒಳ್ಳೆಯವೇ. ಆದರೆ ಬಾಣಂತಿಗೆ ನೀರು ಕಡಿಮೆ ಕೊಡುವುದು, ಕಾಯಿಪಲ್ಯ ಬಿಡಿಸುವುದು ಸರಿಯಲ್ಲ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಹೆರಿಗೆಯ ನಂತರವೂ 180 ದಿನ ನುಂಗಬೇಕು.

ಈ ಲಕ್ಷಣ ಕಂಡರೆ ಆಯಿಯನ್ನೂ ಕೇಳಬೇಡಿ, ನೆರೆಮನೆಯವರನ್ನೂ ಕೇಳಬೇಡಿ, 108ಕ್ಕೆ ಫೋನ್ ಮಾಡಿ. ತಾಯಿಗೆ: ಒಂದು ತಾಸಿನಲ್ಲಿ ಪ್ಯಾಡು ಪೂರ್ತಿ ತೊಯ್ಯುವಷ್ಟು ರಕ್ತ, ಜ್ವರ, ದುರ್ವಾಸನೆಯ ಸ್ರಾವ, ಕಣ್ಣು ಮಂಜಾಗುವ ತಲೆನೋವು, ಫಿಟ್ಸ್, ಉಸಿರಾಟದ ತೊಂದರೆ, ಒಂದೇ ಕಾಲಿನ ಬಾವು-ನೋವು. ಕೂಸಿಗೆ: ಹಾಲು ಚೀಪದಿರುವುದು, ಮೈ ಸುಡುವುದು ಇಲ್ಲವೇ ತಣ್ಣಗಾಗುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಎದೆ ಒಳಗೆ ಸೆಳೆಯುವುದು, ಅಂಗೈ-ಅಂಗಾಲು ಹಳದಿಯಾಗುವುದು, ಫಿಟ್ಸ್, ಹೊಕ್ಕಳಲ್ಲಿ ಕೀವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಭಾಗ ನೀರಾಗಿತ್ತು. ಹೊಳೆದಂಡೆಯ ಊರಿನವರು ಮಳೆಗಾಲದ ಬಾಣಂತನವನ್ನು ರಸ್ತೆ ಇರುವ ಊರಿನಲ್ಲಿ ಇಟ್ಟುಕೊಳ್ಳುವುದು ಜಾಣತನ.

ಮನಸ್ಸಿನ ಮಾತೂ ಮುಖ್ಯ. ಮೊದಲ ವಾರ ಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಅಳು, ನಿದ್ದೆ ಬಾರದಿರುವುದು, ಕೂಸು ಬೇಡವೆನಿಸುವುದು ಇದ್ದರೆ ಅದು ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಬಾಣಂತಿ ಸನ್ನಿ ಎಂದು ಅಂತ್ರ ಕಟ್ಟಿಸಿ ದಿನ ಕಳೆಯಬೇಡಿ. ತನಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಒಬ್ಬಳನ್ನೇ ಬಿಡದೆ ಅಂದೇ ದವಾಖಾನೆಗೆ ಒಯ್ಯಿರಿ. 14416 ಟೆಲಿ-ಮಾನಸ್ ಸಹಾಯವಾಣಿಗೆ ಉಚಿತವಾಗಿ ಕನ್ನಡದಲ್ಲಿ ಮಾತಾಡಬಹುದು. "ಹೆಣ್ಣು ಹಡದಿ" ಎಂದು ಚುಚ್ಚುವ ಅತ್ತೆ ಇದ್ದರೆ ಎಷ್ಟು ನರ್ಸ್ ಇಟ್ಟರೂ ಪ್ರಯೋಜನವಿಲ್ಲ. ಗಂಡಸರು ನೀರು ತುಂಬಲಿ, ದೊಡ್ಡ ಮಗುವನ್ನು ಸಂಭಾಳಿಸಲಿ. ಅದೂ ಬಾಣಂತನವೇ.

ಕೊನೆಗೆ ಒಂದು ಮಾತು, ಆಯಿಯ ಕೂಲಿಯ ಬಗ್ಗೆ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅದು ಅವರ ದೊಡ್ಡ ಮನಸ್ಸು. ಆದರೆ ನಮ್ಮೂರಿನ ಆಯಿಗೂ ಒಲೆ ಇದೆ. ಆಕೆಗೆ ಸೀರೆ-ಕುಪ್ಪಸ ಕೊಟ್ಟು, ಉಡಿ ತುಂಬಿ ಕಳಿಸಿದರೆ ಮುಗಿಯಿತೇ? ನಮ್ಮ ಕೂಸನ್ನು ಆಕೆಯ ಕಾಲ ಮೇಲೆ ಮಲಗಿಸುತ್ತೇವೆ, ಆದರೆ ಜಾತಿ ನೋಡಿ ಆಕೆಗೆ ಚಹಾ ಬೇರೆ ಬಟ್ಟಲಲ್ಲಿ ಕೊಡುತ್ತೇವೆ. ಇದು ಯಾವ ನ್ಯಾಯ? ಕರ್ನಾಟಕದಲ್ಲಿ ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ಕೂಲಿ ನಿಗದಿಯಾಗಿದೆ. ಎಷ್ಟು ದಿನ, ಎಷ್ಟು ತಾಸು, ಎಷ್ಟು ರೊಕ್ಕ ಎಂದು ಮೊದಲೇ ಮಾತಾಡಿ, ವಾರಕ್ಕೊಮ್ಮೆ ಕೊಡಿ.

ಪ್ರತಿ ಸಂಘದಲ್ಲಿ ಒಂದು ವಹಿ ಇಡೋಣ. ಊರಿನಲ್ಲಿ ಎರೆಯುವ ಆಯಂದಿರು ಯಾರು, ಈ ತಿಂಗಳು ಯಾರಿಗೆ ದಿನ ತುಂಬುತ್ತದೆ ಎಂದು ಬರೆಯೋಣ. ಆಯಂದಿರನ್ನೂ ಆಶಾ ಕಾರ್ಯಕರ್ತೆಯರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿ ಮಾತಾಡಿಸೋಣ. ಬಾಣಂತನದ ಖರ್ಚಿಗೆ ಸಂಘದಿಂದ ಸಣ್ಣ ಸಾಲ ಕೊಡೋಣ. ಮುಂದಿನ ಸಭೆಗೆ ಬರುವಾಗ ಆ ವಹಿ ತಗೊಂಡ ಬರ್ರಿ, ಕೂಡಿ ನೋಡೋಣ.