ದ್ವೀಪದ ದೀಪಕ್ಕೆ ಎಣ್ಣೆ ಎಲ್ಲಿಂದ?

(ಬಳಗದ ತಿಂಗಳ ಸಭೆಯಲ್ಲಿ ಗ್ರಾಮಸ್ಥರನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಗುಡ್ಡದ ಮೇಲಿನ ಸಭೆಯಲ್ಲಿ ಕಡಲ ನಡುವಿನ ದ್ವೀಪಗಳ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಕಾರಣವಿದೆ. ಮುಖ್ಯಭೂಮಿಯಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಆ ಬೆಳಕು ರಾಯಚೂರಿನ ಕಲ್ಲಿದ್ದಲಿನದೋ, ಶರಾವತಿಯ ನೀರಿನದೋ, ಕೈಗಾದ ಅಣುವಿನದೋ ದೀಪದ ಕೆಳಗೆ ಕುಳಿತವರಿಗೆ ತಿಳಿಯದು. ಯಾರ ಊರು ಮುಳುಗಿತು, ಬೂದಿ ಯಾರ ಹೊಲದ ಮೇಲೆ ಬಿತ್ತು ಎಂಬುದು ಬಿಲ್ಲಿನಲ್ಲಿ ಅಚ್ಚಾಗುವುದಿಲ್ಲ. ದ್ವೀಪದಲ್ಲಿ ಹಾಗಲ್ಲ. ಅಲ್ಲಿ ಇಂಧನವು ಕಣ್ಣೆದುರೇ ಹಡಗಿನಿಂದ ಇಳಿಯಬೇಕು, ಇಲ್ಲವೇ ಕಣ್ಣೆದುರಿನ ನೆಲದಲ್ಲೇ ಬೆಳೆಯಬೇಕು. ವಿದ್ಯುತ್ತಿನ ನಿಜವಾದ ಲೆಕ್ಕ ಕಲಿಯಲು ದ್ವೀಪಕ್ಕಿಂತ ಉತ್ತಮ ಪಾಠಶಾಲೆ ಇಲ್ಲ.

ಪೀಪಾಯಿಯಲ್ಲಿ ಬಂದ ಬೆಳಕು

ಹತ್ತಿರದ ಉದಾಹರಣೆ ಲಕ್ಷದ್ವೀಪ. ಅದು ಕನ್ನಡ ನಾಡಿಗೆ ತೀರ ಹೊರಗಿನದೇನಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು. ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು.

ಲಕ್ಷದ್ವೀಪದ ಜನವಸತಿಯ ದ್ವೀಪಗಳು ಹತ್ತು. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿಯ ಜನ 64,473. ಮೊದಲ ಡೀಸೆಲ್ ವಿದ್ಯುದಾಗಾರ 1962ರಲ್ಲಿ ಮಿನಿಕಾಯ್ ದ್ವೀಪದಲ್ಲಿ ಆರಂಭವಾಯಿತು. ಅತ್ಯಂತ ಚಿಕ್ಕದಾದ ಬಿತ್ರಾಕ್ಕೆ ವಿದ್ಯುತ್ತು ತಲುಪಿದ್ದು 1982ರಲ್ಲಿ. ದಶಕಗಳ ಕಾಲ ಡೀಸೆಲ್ ಕೇರಳ ಕರಾವಳಿಯಿಂದ ಪೀಪಾಯಿಗಳಲ್ಲಿ ಇನ್ನೂರು, ಮುನ್ನೂರು ಕಿಲೋಮೀಟರ್ ಕಡಲು ದಾಟಿ ಬರುತ್ತಿತ್ತು. ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಗ್ರವಾಗುವುದರಿಂದ ಮಳೆಗಾಲಕ್ಕೆ ಬೇಕಾದ ಇಂಧನವನ್ನು, ಮಲೆನಾಡಿನ ಮನೆಗಳಲ್ಲಿ ಕಟ್ಟಿಗೆ ಕೂಡಿಡುವಂತೆ, ಮೊದಲೇ ಕೂಡಿಡಬೇಕು.

ಡೀಸೆಲ್ಲಿನ ಗುಣವನ್ನು ಅಲ್ಲಗಳೆಯಲಾಗದು. ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ ಅಡಗಿರುತ್ತದೆ. ಬೇಕೆಂದಾಗ ಯಂತ್ರ ಚಾಲೂ ಆಗುತ್ತದೆ. ಒಂದು ಲೀಟರಿಗೆ ಸುಮಾರು ಮೂರೂವರೆ ಯೂನಿಟ್ ವಿದ್ಯುತ್ತು ಸಿಗುತ್ತದೆ. ಆದರೆ ಸಾಗಣೆಯೂ ಸೇರಿ ಒಂದು ಯೂನಿಟ್ಟಿಗೆ ತಗಲುವ ವೆಚ್ಚ ಬಳಕೆದಾರರು ಕೊಡುವ ದರದ ಹಲವು ಪಟ್ಟು. ಉಳಿದುದನ್ನು ಸರ್ಕಾರ ಭರಿಸುತ್ತದೆ. ಇನ್ನೊಂದು ಅಪಾಯ ನೆಲದೊಳಗಿದೆ. ಹವಳದ ಮರಳಿನ ಕೆಳಗೆ, ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರವೇ ಅಲ್ಲಿಯ ಬಾವಿಗಳಿಗೆ ಆಸರೆ. ಸೋರಿದ ಎಣ್ಣೆ ಮರಳಿನಲ್ಲಿ ಸರಾಗವಾಗಿ ಇಳಿದು ಆ ಪದರವನ್ನು ಸೇರಬಲ್ಲುದು.

ಕುಡಿಯುವ ನೀರಿಗೂ ವಿದ್ಯುತ್ತೇ ಬೇಕಾಗಿದೆ. 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ನೀಡುವ ಘಟಕವನ್ನು ಸ್ಥಾಪಿಸಿತು. ಮೇಲ್ಪದರದ ಬೆಚ್ಚಗಿನ ಸಮುದ್ರಜಲವನ್ನು ನಿರ್ವಾತದಲ್ಲಿ ಆವಿಯಾಗಿಸಿ, ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪುಗೊಳಿಸಿ ನೀರಾಗಿಸುವ ವಿಧಾನವದು. ವಿಧಾನ ಜಾಣ್ಮೆಯದು. ಆದರೆ ಅದರ ಪಂಪುಗಳು ತಿರುಗಿದ್ದು ದ್ವೀಪದ ಡೀಸೆಲ್ ವಿದ್ಯುತ್ತಿನಿಂದ. ಡೀಸೆಲ್ ಹಡಗು ತಡವಾದರೆ ದೀಪದ ಜೊತೆಗೆ ನೀರಿನ ನಲ್ಲಿಯೂ ನಿಲ್ಲಬಹುದೆಂಬುದು ಇದರ ಅರ್ಥ.

ಒಂದು ಯೂನಿಟ್ಟಿಗೆ ಮೂರು ತೆಂಗಿನಕಾಯಿ

ದ್ವೀಪದ ತುಂಬ ತೆಂಗು ಇರುವಾಗ ಹೊರಗಿನ ಎಣ್ಣೆಯೇಕೆ ಎಂಬ ಪ್ರಶ್ನೆ ಸಹಜ. ತೆಂಗಿನೆಣ್ಣೆಯಿಂದ ಡೀಸೆಲ್ ಯಂತ್ರ ಓಡಿಸಬಹುದೆಂಬುದು ಸಿದ್ಧವಾದ ಸಂಗತಿ. ಪಪುವಾ ನ್ಯೂಗಿನಿಗೆ ಸೇರಿದ ಬೂಗನ್‌ವಿಲ್ ದ್ವೀಪದಲ್ಲಿ ಪಾಂಗುನಾ ತಾಮ್ರದ ಗಣಿಯ ವಿರುದ್ಧ ಜನ ಎದ್ದು ನಿಂತರು. 1989ರಲ್ಲಿ ಗಣಿ ಮುಚ್ಚಿತು. ಮರುವರ್ಷ ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು. ಇಂಧನ ಬರುವುದು ನಿಂತಾಗ ಅಲ್ಲಿಯ ಜನ ತೆಂಗಿನೆಣ್ಣೆ ತೆಗೆದು ವಾಹನಗಳಿಗೂ ಜನರೇಟರುಗಳಿಗೂ ತುಂಬಿದರು. ಪಾಳುಬಿದ್ದ ಗಣಿಯ ಸಾಮಾನುಗಳಿಂದ ಹಳ್ಳಗಳಿಗೆ ಪುಟ್ಟ ಜಲವಿದ್ಯುತ್ ಯಂತ್ರಗಳನ್ನು ಕಟ್ಟಿಕೊಂಡರು. ವನುವಾಟು ದ್ವೀಪರಾಷ್ಟ್ರದ ವಿದ್ಯುತ್ ಕಂಪನಿಯೂ ಡೀಸೆಲ್ಲಿಗೆ ತೆಂಗಿನೆಣ್ಣೆ ಬೆರೆಸಿ ಬಳಸಿದೆ.

ಆದರೆ ಯಂತ್ರ ಓಡುತ್ತದೆಯೇ ಎಂಬುದಕ್ಕಿಂತ ನೆಲ ಸಾಲುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ. ಹಲಗೆಯ ಮೇಲೆ ಒಂದು ಸರಳ ಲೆಕ್ಕ ಮಾಡಬಹುದು. ಒಂದು ಕಾಯಿಯಿಂದ ಸುಮಾರು 150 ಗ್ರಾಂ ಕೊಬ್ಬರಿ, ಅದರಿಂದ ಸುಮಾರು 100 ಮಿಲಿಲೀಟರ್ ಎಣ್ಣೆ. ಅಂದರೆ ಲೀಟರಿಗೆ ಹತ್ತು ಕಾಯಿ. ಒಂದು ಲೀಟರ್ ಎಣ್ಣೆಯಿಂದ ಮೂರು ಯೂನಿಟ್ಟಿನಷ್ಟು ವಿದ್ಯುತ್ತು. ಹಾಗಾದರೆ ಒಂದು ಯೂನಿಟ್ಟಿಗೆ ಮೂರು ಕಾಯಿ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ವರ್ಷಕ್ಕೆ 3,600 ಕಾಯಿ ಬೇಕು. ಮರವೊಂದಕ್ಕೆ ವರ್ಷಕ್ಕೆ 80 ಕಾಯಿ ಎಂದಿಟ್ಟುಕೊಂಡರೆ ಒಂದು ಮನೆಗೆ 45 ಮರ. ಹೆಕ್ಟೇರಿಗೆ 175 ಮರಗಳಂತೆ ಇದು ಸುಮಾರು ಕಾಲು ಹೆಕ್ಟೇರ್.

ಮನೆಗೆ ಐವರಂತೆ ಲಕ್ಷದ್ವೀಪದಲ್ಲಿ ಸುಮಾರು 13,000 ಮನೆಗಳಿವೆ ಎಂದುಕೊಂಡರೆ ಬೇಕಾಗುವ ತೋಟ 3,300 ಹೆಕ್ಟೇರ್, ಅಂದರೆ 33 ಚದರ ಕಿಲೋಮೀಟರ್. ಇಡೀ ಲಕ್ಷದ್ವೀಪದ ನೆಲವೇ 32 ಚದರ ಕಿಲೋಮೀಟರ್! ಮನೆ, ಶಾಲೆ, ಮಸೀದಿ, ರಸ್ತೆ ಎಲ್ಲವನ್ನೂ ತೆಗೆದು ತೆಂಗು ನೆಟ್ಟು, ಒಂದೇ ಒಂದು ಕಾಯಿಯನ್ನೂ ಸಾರಿಗೆ ಬಳಸದೆ ಗಾಣಕ್ಕೆ ಹಾಕಿದರೂ ಮನೆದೀಪಗಳಿಗಷ್ಟೂ ಸಾಲದು. ನೀರಿನ ಘಟಕ, ಆಸ್ಪತ್ರೆ, ಮಂಜುಗಡ್ಡೆ ಕಾರ್ಖಾನೆ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಕಟ್ಟಿಗೆಯಿಂದ ಅನಿಲ

ಎಣ್ಣೆಯ ಬದಲು ಕಟ್ಟಿಗೆಯಾದರೆ? ಕಟ್ಟಿಗೆಯನ್ನು ಕಡಿಮೆ ಗಾಳಿಯಲ್ಲಿ ಅರೆಬರೆ ಉರಿಸಿದಾಗ ಹೊತ್ತಿಕೊಳ್ಳಬಲ್ಲ ಅನಿಲ ಬರುತ್ತದೆ. ಅದನ್ನು ಸೋಸಿ ಡೀಸೆಲ್ ಯಂತ್ರಕ್ಕೆ ಊಡಿದರೆ ಡೀಸೆಲ್ಲಿನ ಬಹುಪಾಲು ಉಳಿಯುತ್ತದೆ. ಈ ವಿದ್ಯೆಗೆ ಕರ್ನಾಟಕದ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 3.7 ಕಿಲೋವ್ಯಾಟ್‌ನ ಪುಟ್ಟ ಅನಿಲಘಟಕ ಸ್ಥಾಪಿಸಿ, ಊರಿಗೆ ದೀಪ ಕೊಟ್ಟಿತು. ಮುಂದೆ ಅದು 20 ಕಿಲೋವ್ಯಾಟ್‌ಗೆ ಏರಿ, ನೀರೆತ್ತುವ ಪಂಪಿಗೂ ಹಿಟ್ಟಿನ ಗಿರಣಿಗೂ ವಿದ್ಯುತ್ತು ಒದಗಿಸಿತು. ಉರಿಸುವ ಕಟ್ಟಿಗೆಗೆಂದೇ ನೆಡುತೋಪನ್ನೂ ಬೆಳೆಸಲಾಗಿತ್ತು.

ದ್ವೀಪದಲ್ಲಿ ಇದರ ದೊಡ್ಡ ಪ್ರಯೋಗ ನಡೆದದ್ದು ಪಶ್ಚಿಮ ಬಂಗಾಳದ ಸುಂದರಬನದಲ್ಲಿ. ಅಲ್ಲಿಯ ಗೋಸಾಬಾ ದ್ವೀಪದಲ್ಲಿ 1997ರಲ್ಲಿ 500 ಕಿಲೋವ್ಯಾಟ್‌ನ ಘಟಕ ಆರಂಭವಾಯಿತು. ಸ್ಥಳೀಯ ಸಹಕಾರ ಸಂಘದ ನಿರ್ವಹಣೆಯಲ್ಲಿ ಅಂಗಡಿ, ಮನೆ, ಆಸ್ಪತ್ರೆಗಳಿಗೆ ಬೆಳಕು ಬಂತು. ಮುಂದೆ ಗ್ರಿಡ್ಡಿನ ತಂತಿ ನದಿ ದಾಟಿ ಬಂದಾಗ ಜನ ಅತ್ತ ಹೊರಳಿದರು, ಘಟಕ ನಿಂತಿತು. ಹಗಲಿರುಳೂ ಸಿಗುವ ಅಗ್ಗದ ವಿದ್ಯುತ್ತಿನೆದುರು, ಕಟ್ಟಿಗೆ ತುಂಡರಿಸಿ ಒಣಗಿಸಿ ಟಾರು ಒರೆಸುವ ಶ್ರಮಕ್ಕೆ ಬೆಲೆ ಉಳಿಯಲಿಲ್ಲ.

ಇಲ್ಲಿಯೂ ನೆಲದ ಲೆಕ್ಕ ಬೇಕು. ಅನಿಲದಿಂದಲೇ ನಡೆಯುವ ಯಂತ್ರಕ್ಕೆ ಒಂದು ಯೂನಿಟ್ಟಿಗೆ ಸುಮಾರು 1.3 ಕಿಲೋ ಒಣ ಕಟ್ಟಿಗೆ ಬೇಕು. ಲಕ್ಷದ್ವೀಪದ ಆ 13,000 ಮನೆಗಳ ವಾರ್ಷಿಕ ಬಳಕೆ 156 ಲಕ್ಷ ಯೂನಿಟ್. ಅದಕ್ಕೆ 20,000 ಟನ್ ಕಟ್ಟಿಗೆ. ಹೆಕ್ಟೇರಿಗೆ ವರ್ಷಕ್ಕೆ ಹತ್ತು ಟನ್ ಬೆಳೆದರೂ 2,000 ಹೆಕ್ಟೇರ್, ಎಂದರೆ ನೆಲದ ಮೂರರಲ್ಲಿ ಎರಡು ಭಾಗ ಬೇಕು. ತೋಟದ ಕಸವನ್ನು ಉರಿಸಬಹುದಲ್ಲ ಎಂದರೆ ಅದಕ್ಕೂ ಮಿತಿಯಿದೆ. ಕರಟ ಉರಿಸಿದರೆ ನಷ್ಟವಿಲ್ಲ. ಸಿಪ್ಪೆ ನಾರಿಗೆ ಬೇಕು. ಸೋಗೆ ಮಣ್ಣಿಗೆ ಬೇಕು. ಹವಳದ ಮರಳಿನಲ್ಲಿ ಸಾವಯವ ಅಂಶ ಮೊದಲೇ ಕಡಿಮೆ. ಮರದಿಂದ ಬಿದ್ದದ್ದನ್ನೆಲ್ಲ ಒಲೆಗೆ ಹಾಕಿದರೆ ಬುಡದ ಮಣ್ಣು ಬಡವಾಗುತ್ತದೆ. ಕಾಂಡ್ಲಾಕಾಡಿಗೆ ಕೊಡಲಿ ಬಿದ್ದರೆ ದಡವೇ ಹೋಗುತ್ತದೆ. ಸೊಪ್ಪಿನ ಬೆಟ್ಟ ಬೋಳಾದಾಗ ಅಡಿಕೆ ತೋಟಕ್ಕೆ ಏನಾಗುತ್ತದೆಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಸಿಲು, ಗಾಳಿ ಮತ್ತು ಕೂಡಿಡುವ ಕಷ್ಟ

ಅದೇ 156 ಲಕ್ಷ ಯೂನಿಟ್ಟನ್ನು ಸೌರಫಲಕಗಳಿಂದ ಪಡೆಯಲು ಸುಮಾರು 11 ಮೆಗಾವ್ಯಾಟ್ ಸಾಮರ್ಥ್ಯ ಸಾಕು. ನೆಲದ ಮೇಲೆ ಹರಡಿದರೆ 20 ಹೆಕ್ಟೇರ್ ಆಸುಪಾಸು. ಮಾಡಿನ ಮೇಲಿಟ್ಟರೆ ಮನೆಗೆ ಹತ್ತು ಚದರ ಮೀಟರಿಗೂ ಕಡಿಮೆ. ವ್ಯತ್ಯಾಸಕ್ಕೆ ಕಾರಣ ಸರಳ. ಎಲೆಯು ಬಿಸಿಲಿನ ನೂರರಲ್ಲಿ ಒಂದು ಪಾಲನ್ನೂ ಕಷ್ಟಪಟ್ಟು ಹಿಡಿದಿಡುತ್ತದೆ. ಫಲಕವು ನೂರರಲ್ಲಿ ಹದಿನೈದರಿಂದ ಇಪ್ಪತ್ತು ಪಾಲನ್ನು ವಿದ್ಯುತ್ತಾಗಿಸುತ್ತದೆ. ಎಲೆಯ ಕೆಲಸ ಅನ್ನ ಕೊಡುವುದು. ಅದರಿಂದ ಕರೆಂಟು ಕೇಳುವುದು ದುಬಾರಿ.

ನ್ಯೂಜಿಲೆಂಡಿನ ಆಡಳಿತಕ್ಕೆ ಸೇರಿದ ಟೊಕೆಲೌ ಎಂಬ ಮೂರು ಹವಳದ ದ್ವೀಪಗಳು ಮೊದಲು ಪೂರ್ತಿ ಡೀಸೆಲ್ಲನ್ನೇ ನಂಬಿದ್ದವು. 2012ರಲ್ಲಿ ಸುಮಾರು ಒಂದು ಮೆಗಾವ್ಯಾಟ್ ಸೌರಫಲಕ ಮತ್ತು ಬ್ಯಾಟರಿಗಳನ್ನು ಅಳವಡಿಸಿ ತಮ್ಮ ವಿದ್ಯುತ್ತಿನ ಬಹುಪಾಲನ್ನು ಬಿಸಿಲಿನಿಂದಲೇ ಪಡೆದವು. ಕವರತ್ತಿಯಲ್ಲಿಯೂ 2024ರ ಜನವರಿಯಲ್ಲಿ ಬ್ಯಾಟರಿ ಸಹಿತವಾದ ಸೌರಸ್ಥಾವರ ಉದ್ಘಾಟನೆಯಾಯಿತು. ಆದರೂ ಲಕ್ಷದ್ವೀಪದ ವಿದ್ಯುತ್ತಿನ ಹೆಚ್ಚಿನ ಪಾಲು ಡೀಸೆಲ್ಲಿನದೇ.

ಬಿಸಿಲಿನ ದೋಷ ರಾತ್ರಿ ಮತ್ತು ಮಳೆಗಾಲ. ಹಡಗು ನಿಲ್ಲುವ ತಿಂಗಳುಗಳಲ್ಲೇ ಮೋಡವೂ ಕವಿಯುತ್ತದೆ. ಬ್ಯಾಟರಿ ಒಂದು ರಾತ್ರಿಯನ್ನು ದಾಟಿಸುತ್ತದೆ, ಮಳೆಯ ವಾರಗಳನ್ನಲ್ಲ. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಸತ್ತ ಬ್ಯಾಟರಿಯನ್ನು ಮರಳಿ ಹಡಗಿಗೇರಿಸಬೇಕು.

ಸ್ಪೇನಿನ ಎಲ್ ಯೆರೋ ದ್ವೀಪ ಕೂಡಿಡುವ ಸಮಸ್ಯೆಗೆ ಬೇರೊಂದು ದಾರಿ ಹಿಡಿಯಿತು. ಅಲ್ಲಿ 2014ರಲ್ಲಿ ಐದು ಗಾಳಿಯಂತ್ರಗಳೂ ಎರಡು ಕೆರೆಗಳೂ ಸಿದ್ಧವಾದವು. ಗಾಳಿ ಹೆಚ್ಚಾದಾಗ ಕೆಳಗಿನ ಕೆರೆಯ ನೀರನ್ನು ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿರುವ ಮೇಲಿನ ಕೆರೆಗೆ ಎತ್ತುತ್ತಾರೆ. ಗಾಳಿ ನಿಂತಾಗ ಆ ನೀರು ಇಳಿದು ಟರ್ಬೈನ್ ತಿರುಗಿಸುತ್ತದೆ. 2019ರ ಬೇಸಿಗೆಯಲ್ಲಿ 24 ದಿನ ಸತತವಾಗಿ ಡೀಸೆಲ್ ಇಲ್ಲದೆ ದ್ವೀಪ ನಡೆಯಿತು. ಆದರೆ ವರ್ಷವಿಡೀ ಹಾಗೆ ನಡೆಯಲು ಆಗಿಲ್ಲ. ಗಾಳಿಯಿಲ್ಲದ ದಿನಗಳು ಉದ್ದವಾದರೆ ಕೆರೆ ಖಾಲಿಯಾಗುತ್ತದೆ, ಡೀಸೆಲ್ ಯಂತ್ರ ಮತ್ತೆ ಚಾಲೂ ಆಗುತ್ತದೆ.

ಐದು ಕಿಲೋವ್ಯಾಟ್‌ನ ಒಪ್ಪಂದ

ಇಷ್ಟು ಲೆಕ್ಕಗಳ ಬಳಿಕ ಒಂದು ಮಾತು ಸ್ಪಷ್ಟವಾಗುತ್ತದೆ. ಎಲ್ಲ ಬೇಡಿಕೆಯನ್ನೂ ಪೂರೈಸುವ, ನೆಲವನ್ನೂ ನೀರನ್ನೂ ಕೆಡಿಸದ ಒಂದೇ ಇಂಧನ ಯಾವ ದ್ವೀಪದಲ್ಲಿಯೂ ಇಲ್ಲ. ಆದುದರಿಂದ ಯಾವ ಇಂಧನ ಎಂಬ ಪ್ರಶ್ನೆಗೆ ಮೊದಲು ಎಷ್ಟು ಸಾಕು ಎಂಬ ಪ್ರಶ್ನೆಯನ್ನು ಕೇಳಬೇಕು. ಹಾಗೆ ಕೇಳಿದ ಒಂದು ಊರಿದೆ.

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಎಗ್ ದ್ವೀಪದ ವಿಸ್ತಾರ ಸುಮಾರು 31 ಚದರ ಕಿಲೋಮೀಟರ್, ಲಕ್ಷದ್ವೀಪದ ಒಟ್ಟು ನೆಲದಷ್ಟೇ. ಆದರೆ ಜನ ನೂರರ ಆಸುಪಾಸು. ಭೂಮಾಲೀಕರ ಕೈಯಲ್ಲಿದ್ದ ದ್ವೀಪವನ್ನು 1997ರಲ್ಲಿ ಜನರೇ ಸೇರಿ ಕೊಂಡರು. ವಿದ್ಯುತ್ ಜಾಲ ಬರುವವರೆಗೂ ಹೆಚ್ಚಿನ ಮನೆಗಳಲ್ಲಿ ಡೀಸೆಲ್ ಜನರೇಟರ್ ಗುಡುಗುತ್ತಿತ್ತು. 2008ರ ಫೆಬ್ರವರಿಯಲ್ಲಿ ಅವರದೇ ವಿದ್ಯುತ್ ಜಾಲ ಆರಂಭವಾಯಿತು. ಹಳ್ಳಗಳ ಮೇಲೆ ಮೂರು ಜಲವಿದ್ಯುತ್ ಘಟಕ, ನಾಲ್ಕು ಪುಟ್ಟ ಗಾಳಿಯಂತ್ರ, ಸೌರಫಲಕ, ಬ್ಯಾಟರಿ. ಆಪತ್ತಿಗೆ ಮಾತ್ರ ಡೀಸೆಲ್. ಚಳಿಗಾಲದಲ್ಲಿ ಮಳೆಯೂ ಗಾಳಿಯೂ ದುಡಿಯುತ್ತವೆ, ಬೇಸಿಗೆಯಲ್ಲಿ ಬಿಸಿಲು.

ಯಂತ್ರಗಳಿಗಿಂತ ಮುಖ್ಯವಾದುದು ಅಲ್ಲಿಯ ಒಪ್ಪಂದ. ಯಾವ ಮನೆಯೂ ಒಂದು ಸಮಯದಲ್ಲಿ ಐದು ಕಿಲೋವ್ಯಾಟ್‌ಗಿಂತ ಹೆಚ್ಚು ಎಳೆಯುವಂತಿಲ್ಲ, ವ್ಯಾಪಾರಕ್ಕೆ ಹತ್ತು. ಮಿತಿ ಮೀರಿದರೆ ಆ ಮನೆಯ ವಿದ್ಯುತ್ತು ಕಡಿದುಹೋಗುತ್ತದೆ. ಸಿರಿವಂತರಿಗೂ ಬಡವರಿಗೂ ಮಿತಿ ಒಂದೇ. ನೀರು ಗಾಳಿ ಕಡಿಮೆಯಾದ ದಿನ ಬಳಕೆ ತಗ್ಗಿಸಬೇಕೆಂಬ ಸೂಚನೆ ಹೋಗುತ್ತದೆ. ಹೆಚ್ಚಾದ ದಿನ ಉಳಿದ ವಿದ್ಯುತ್ತಿನಿಂದ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಾಗಿಸುತ್ತಾರೆ. ಮಿತಿಯನ್ನು ಹೊರಗಿನವರು ಹೇರಲಿಲ್ಲ, ಬಳಸುವವರೇ ಕುಳಿತು ನಿಶ್ಚಯಿಸಿದರು. ಆದ್ದರಿಂದಲೇ ಅದು ನಿಂತಿದೆ.

ಲಕ್ಷದ್ವೀಪ ಎಗ್ ಆಗಲಾರದು. ಅಲ್ಲಿ ಹಳ್ಳವಿಲ್ಲ, ಜನ ಆರುನೂರು ಪಟ್ಟು. ಆದರೆ ಕ್ರಮ ಅಲ್ಲಿಯೂ ಅದೇ ಆಗಬಹುದು. ಮಾಡಿನ ಬಿಸಿಲು ದಿನನಿತ್ಯಕ್ಕೆ, ಬ್ಯಾಟರಿ ರಾತ್ರಿಗೆ, ಡೀಸೆಲ್ ಮಳೆಗಾಲಕ್ಕೆ ಮತ್ತು ಆಸ್ಪತ್ರೆಯ ಆಪತ್ತಿಗೆ. ದಿನದ ಇಂಧನವಾಗಲಾರದ ತೆಂಗಿನೆಣ್ಣೆ ಮತ್ತು ಕರಟಗಳು ಆ ಆಪತ್ತಿನ ದಾಸ್ತಾನಿನಲ್ಲಿ ಒಂದು ಪಾಲಾಗಬಲ್ಲವು.

ಇನ್ನು ಗುಡ್ಡದ ಊರುಗಳ ಮಾತು. ತಂತಿಯ ಕೊನೆಯಲ್ಲಿರುವ, ಮರ ಬಿದ್ದರೆ ವಾರಗಟ್ಟಲೆ ಕತ್ತಲಾಗುವ ಒಂಟಿಮನೆಗಳು ಮಳೆಗಾಲದಲ್ಲಿ ದ್ವೀಪಗಳೇ. ಮಳೆಯಲ್ಲಿ ತುಂಬಿ ಹರಿಯುವ ಹಳ್ಳ, ಹಳ್ಳ ಬತ್ತುವ ಹೊತ್ತಿಗೆ ಮಾಡಿನ ಮೇಲೆ ಸುರಿಯುವ ಬಿಸಿಲು ಎರಡೂ ಇಲ್ಲಿವೆ. ಹವಳದ ದ್ವೀಪಕ್ಕೆ ಇಲ್ಲದ ಭಾಗ್ಯವಿದು. ವಿದ್ಯಾರ್ಥಿಗಳು ಊರಿಗೆ ಹಿಂದಿರುಗಿ ಒಂದು ಕೆಲಸ ಮಾಡಬಹುದು. ತಮ್ಮ ಕೇರಿಯ ಹತ್ತು ಮನೆಗಳ ಬಿಲ್ಲು ತೆಗೆದುಕೊಂಡು, ಅಷ್ಟು ಯೂನಿಟ್ಟಿಗೆ ಎಷ್ಟು ಕಟ್ಟಿಗೆ, ಎಷ್ಟು ಬೆಟ್ಟ, ಎಷ್ಟು ಮಾಡು, ಎಷ್ಟು ಹಳ್ಳದ ನೀರು ಬೇಕೆಂದು ಹಾಳೆಯ ಮೇಲೆ ಬರೆಯಬಹುದು. ಮುಂದಿನ ಸಭೆಗೆ ಆ ಹಾಳೆ ಬರಲಿ. ಎಷ್ಟು ಸಾಕು ಎಂಬ ಮಾತನ್ನು ಹಿರಿಯರು ಅದನ್ನು ಮುಂದಿಟ್ಟುಕೊಂಡು ಆರಂಭಿಸಲಿ.