ರೋಗಿಗೆ ಬೇಕಾದುದು ಬೈಗುಳವಲ್ಲ, ತಿಳಿವಳಿಕೆ
(ಗೋಕಾಕದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರದ ಮಾತನ್ನು ನಾವು ಗಟ್ಟಿಯಾಗಿ ಆಡುತ್ತೇವೆ. ಗುಪ್ತರೋಗದ ಮಾತು ಬಂದರೆ ತಲೆ ತಗ್ಗಿಸುತ್ತೇವೆ. ಗರ್ಮಿ, ಪರಮೆ, ಎಚ್‌ಐವಿಗಳು ಹಬ್ಬುವುದು ಈ ನಾಚಿಕೆಯ ಮರೆಯಲ್ಲಿಯೇ.

ಗೋಕಾಕದ ಗಿರಣಿಯವನಿರಲಿ, ಮೂಡಲಗಿ ಸಂತೆಯ ವ್ಯಾಪಾರಿಯಿರಲಿ, ಹುಕ್ಕೇರಿ ತಾಲೂಕಿನ ಹೆದ್ದಾರಿಯಲ್ಲಿ ಹಾಯುವ ಲಾರಿ ಚಾಲಕನಿರಲಿ, ಉರಿಮೂತ್ರ ಕಂಡರೆ ಔಷಧದ ಅಂಗಡಿಯಲ್ಲಿ ಪಿಸುಮಾತಿನಿಂದ ಗುಳಿಗೆ ಕೇಳುತ್ತಾನೆ. ಉರಿ ನಿಂತೊಡನೆ ಗುಳಿಗೆಯನ್ನೂ ನಿಲ್ಲಿಸುತ್ತಾನೆ. ಒಳಗೇ ಉಳಿದ ರೋಗ ಹೆಂಡತಿಗೆ ಅಂಟುತ್ತದೆ. ಆಕೆಗೆ ಅನೇಕ ವೇಳೆ ಯಾವ ಲಕ್ಷಣವೂ ತೋರುವುದಿಲ್ಲ. ಗರ್ಭಿಣಿಗೆ ಗರ್ಮಿ ತಗುಲಿದರೆ ಕೂಸು ಹೊಟ್ಟೆಯಲ್ಲಿಯೇ ಸಾಯಬಹುದು. ಯಾರ ತಪ್ಪಿಗೆ ಯಾರು ದಂಡ ತೆರಬೇಕು?

ಆದಕಾರಣ ದವಾಖಾನೆಯಲ್ಲಿ ಚೀಟಿ ಬರೆದುಕೊಟ್ಟರೆ ಸಾಲದು. ನಾಲ್ಕು ಮಾತನ್ನು ರೋಗಿಗೆ ಮನಮುಟ್ಟುವಂತೆ ತಿಳಿಸಬೇಕು. ಒಂದು, ವೈದ್ಯರು ಹೇಳಿದಷ್ಟು ದಿನ ಔಷಧ ಪೂರ್ತಿ ಮುಗಿಸಬೇಕು. ಎರಡು, ಗಂಡ ಹೆಂಡತಿ ಇಬ್ಬರಿಗೂ ಉಪಚಾರವಾಗಬೇಕು. ಇಲ್ಲವಾದರೆ ಗುಣವಾದವರಿಗೆ ಮತ್ತೆ ತಗಲುತ್ತದೆ. ಮೂರು, ಗುಣವಾಗುವವರೆಗೆ ದೇಹಸಂಬಂಧ ಬೇಡ. ಮುಂದೆಯೂ ಸಂದೇಹವಿದ್ದಲ್ಲಿ ಪ್ರತಿ ಸಲ ನಿರೋಧ್ ಬೇಕು. 1968ರಲ್ಲಿ ಕುಟುಂಬ ಯೋಜನೆಗೆಂದು ಬಂದ ಈ ಸಾಧನ ರೋಗವನ್ನೂ ತಡೆಯುತ್ತದೆ. ನಾಲ್ಕು, ಎಚ್‌ಐವಿ ಮತ್ತು ಗರ್ಮಿಗಾಗಿ ರಕ್ತ ಪರೀಕ್ಷೆ ಮಾಡಿಸಬೇಕು. ಎಚ್‌ಐವಿ ಇದ್ದರೂ ಧೈರ್ಯಗೆಡಬೇಕಾಗಿಲ್ಲ. 2004ರಿಂದ ಸರಕಾರ ಅದರ ಗುಳಿಗೆಗಳನ್ನು ಪುಕ್ಕಟೆ ಕೊಡುತ್ತಿದೆ.

ರೋಗದ ಹೊಣೆಯನ್ನೆಲ್ಲ ದೇವದಾಸಿಯರ ತಲೆಗೆ ಕಟ್ಟುವ ಚಾಳಿ ನಮ್ಮ ಸೀಮೆಯದು. ಅವರ ಬಾಗಿಲಿಗೆ ಹೋದವರು ಯಾರು? ಮುತ್ತು ಕಟ್ಟುವುದನ್ನು 1982ರ ಕಾಯದೆ ನಿಷೇಧಿಸಿತು. ಆ ಪದ್ಧತಿಯಿಂದ ಹೊರಬಂದ ಹೆಂಗಸರೇ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. ಘಟಪ್ರಭೆ ಅವರ ಕೇಂದ್ರ. ಆ ಸಂಸ್ಥೆಯ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಕಷ್ಟ ಉಂಡವರ ಮಾತು ಕೇಳುವವರ ಎದೆಗೆ ಇಳಿಯುತ್ತದೆ. ದವಾಖಾನೆಯಲ್ಲಿ ತಿಳಿವಳಿಕೆ ಕೊಡುವ ಕೆಲಸಕ್ಕೂ ಇಂಥವರೇ ಬೇಕು.

ನೌಕರಿ ಹೋದೀತೆಂಬ ಅಂಜಿಕೆಯಿಂದ ಪರೀಕ್ಷೆಗೆ ಹಿಂಜರಿಯುವವರಿದ್ದಾರೆ. 2017ರ ಎಚ್‌ಐವಿ ಕಾಯದೆಯ ಪ್ರಕಾರ ರೋಗಿಯ ಗುಟ್ಟನ್ನು ಕಾಯಬೇಕು. ಎಚ್‌ಐವಿಯ ನೆವ ಹೇಳಿ ಅನ್ಯಾಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. 100 ಅಥವಾ ಹೆಚ್ಚು ಜನ ದುಡಿಯುವಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು. ಸಂಘದವರು ಇದನ್ನು ಕೇಳಿ ಪಡೆಯಬೇಕು.

ಕೊನೆಯದಾಗಿ ನಮ್ಮ ಬೇಡಿಕೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಸರಕಾರಿ ದವಾಖಾನೆಯಲ್ಲಿ ಬಾಗಿಲು ಮುಚ್ಚಿ ಮಾತಾಡಲು ಒಂದು ಕೋಣೆ ಬೇಕು, ಬೈಯದೆ ಕೇಳುವವರು ಬೇಕು, ಪಾಳಿ ಬಿಟ್ಟ ಮೇಲೆ ಸಂಜೆಯೂ ಅದು ತೆರೆದಿರಬೇಕು. ಗಂಡಸರಿಗೆ ಒಂದೇ ಮಾತು. ದವಾಖಾನೆಗೆ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿರಿ.